ಸೋತವರ ಚಹಾ

ಚಕ್ರವರ್ತಿ ಹೋಗಿ ಗಣರಾಜ್ಯ ಬಂದ ಮೊದಲ ವರ್ಷ, ಅವನ ಆಜ್ಞೆಯಂತೆ ಬಿಟ್ಟಿದ್ದ ನಮ್ಮ ಹೂಷಿ ಪೇಟೆಯ ಗಂಡಸರ ಜಡೆ ಹೋಯಿತು, ಜಡತೆ ಉಳಿಯಿತು. ಅದನ್ನು ಕತ್ತರಿಸುವ ಕತ್ತರಿಯನ್ನು ಹಾಂಗ್‌ಚೌನ ಕಮ್ಮಾರರು ಇನ್ನೂ ಮಾಡಿಲ್ಲ ಎಂದು ನನ್ನ ದೊಡ್ಡಪ್ಪ ಗು ಬೋಷ್ವಾನ್ ಹೇಳುತ್ತಿದ್ದರು. ಹೇಳುವಾಗ ಅವರ ಕೈ ತಾನಾಗಿಯೇ ಬೆನ್ನ ಹಿಂದೆ ಹೋಗಿ, ಇಲ್ಲದ ಜಡೆಯನ್ನು ತಡಕಾಡಿ, ನಾಚಿಕೊಂಡು ವಾಪಸ್ಸು ಬರುತ್ತಿತ್ತು.

ನಾನು ಆಗತಾನೇ ಹಾಂಗ್‌ಚೌನಲ್ಲಿ ಕಾಲೇಜು ಮುಗಿಸಿ ಊರಿಗೆ ಬಂದಿದ್ದೆ. ಅಲ್ಲಿ ನನಗೆ ಕಲಿಸಿದ್ದು ಬೀಜಗಣಿತ, ನಾನು ಕಲಿತದ್ದು ಅಣಕ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ನನ್ನ ಗಂಟಲಿನಿಂದಲೇ ಹೊರಡುತ್ತಿತ್ತು. ಇಷ್ಟು ವರ್ಷದ ಮೇಲೆ ಈಗ ಪೇಟೆಗೆ ರೇಡಿಯೋ ಬಂದಿದೆ, ಸಂಜೆಯಾದರೆ ಹೊಸ ರಾಜಧಾನಿ ನಾನ್‌ಚಿಂಗ್‌ನಿಂದ ಯಾರೋ ದೊಡ್ಡವರು ಗುಡುಗುತ್ತಾರೆ. ಆ ದನಿಯನ್ನೂ ಮಾಡಬಲ್ಲೆ, ಕಷ್ಟವೇನಿಲ್ಲ. ಆದರೆ ಅದಕ್ಕೆ ಎದುರುತ್ತರ ಕೊಡುವ ಇನ್ನೊಂದು ದನಿ ಆ ಪೆಟ್ಟಿಗೆಯೊಳಗೆ ಇಲ್ಲ. ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಿದ ಹಾಗಾಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಆಗೆಲ್ಲ ರುವಾನ್ ಅತ್ತೆಯ ಚಹಾದಂಗಡಿಯ ಮಹಡಿ ನೆನಪಾಗುತ್ತದೆ.

ಆ ವರ್ಷ ಪೇಟೆಗೊಂದು ಸಭೆ ಮಂಜೂರಾಗಿತ್ತು. ಆಸ್ತಿ ಇದ್ದ, ಅಕ್ಷರ ಬಲ್ಲ ಗಂಡಸರಿಗೆ ಮತ ಸಿಕ್ಕಿತು. ಉಳಿದವರ ಮತ ಅವರವರ ಹೊಟ್ಟೆಯಲ್ಲೇ ಉಳಿಯಿತು. ಸರ್ಕಾರಿ ಕಚೇರಿಯ ತುಂಬ ಸಿಪಾಯಿಗಳು ಚಾಪೆ ಹಾಸಿ ಮಲಗಿದ್ದರಿಂದ ಸಭೆಗೆ ಜಾಗವಿರಲಿಲ್ಲ. ಹಾಗಾಗಿ ಕಾಲುವೆ ದಂಡೆಯ ರುವಾನ್ ಅತ್ತೆಯ ಮಹಡಿಯೇ ನಮ್ಮ ಪಾರ್ಲಿಮೆಂಟಾಯಿತು. ಮೇಲೆ ದೇಶದ ಭವಿಷ್ಯ ಕುದಿಯುತ್ತಿತ್ತು, ಕೆಳಗೆ ನೀರು. ಎರಡು ವರ್ಷದೊಳಗೆ ಪೀಕಿಂಗ್‌ನಿಂದ ಒಂದೇ ಒಂದು ಆಜ್ಞೆ ಬಂದು ದೇಶದ ಇಂಥ ಸಭೆಗಳೆಲ್ಲ ಮುಚ್ಚಿಹೋದವು. ಆದರೆ ಆ ಎರಡು ವರ್ಷ ನಾವು ಆಡಿದ ಮಾತು, ಅಬ್ಬಾ, ಅಷ್ಟು ಮಾತನ್ನು ಹಿಂದಿನ ಚಕ್ರವರ್ತಿಗಳೆಲ್ಲ ಸೇರಿದರೂ ಕೇಳಿಸಿಕೊಂಡಿರಲಾರರು.

ನಾನು ಆ ಸಭೆಯ ಗುಮಾಸ್ತ. ಬರೆಯುವುದು ಮೇಲೆ, ಆಡಿತೋರಿಸುವುದು ಕೆಳಗೆ. ಸಭೆ ಮುಗಿದು ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಮತವಿಲ್ಲದವರೆಲ್ಲ, ದೋಣಿಯವರು, ರೇಷ್ಮೆಗೂಡು ಮಾರುವ ಹೆಂಗಸರು, ಕ್ಷೌರಿಕರು, ಕಲ್ಲಂಗಡಿ ಬೀಜ ಕಡಿಯುತ್ತ ಕಾದು ಕೂತಿರುತ್ತಿದ್ದರು.

"ಏ ಸಾನ್, ಬಂದ್ಯಾ? ಮೊದ್ಲು ಪಾನ್ ಮೇಷ್ಟ್ರದ್ದು ಮಾಡು" ಎಂದು ರುವಾನ್ ಅತ್ತೆ ಕೆಟಲ್ ಕೆಳಗಿಡುತ್ತಿದ್ದಳು. "ನಿಧಾನಕ್ಕೆ ಮಾಡು. ನಾನು ತೀರ್ಮಾನ ಮಾಡ್ಬೇಕು."

"ಅತ್ತೆ, ನಿಮಗೆ ಮತ ಇಲ್ಲ."

"ಮತ ಇಲ್ದಿದ್ರೆ ಏನಾಯ್ತು, ಬಿಸಿನೀರು ನನ್ನ ಹತ್ರ ಇದೆ. ತಣ್ಣಗಿರೋ ಚಹಾ ಕುಡ್ಕೊಂಡು ಎಷ್ಟು ಹೊತ್ತು ದೇಶ ಆಳ್ತಾರೋ ನಾನೂ ನೋಡ್ತೀನಿ."

ಜನ ಕೇಳುತ್ತಿದ್ದುದು ಮುಖ್ಯವಾಗಿ ಎರಡು ದನಿ. ಒಂದು ದೊಡ್ಡಪ್ಪನದು, ಒಡೆದ ಜಾಗಟೆಯಂಥದು, ಪ್ರತಿ ವಾಕ್ಯದ ಬಾಲಕ್ಕೂ "ಅಲ್ವೇನಯ್ಯಾ?" ಎಂಬ ಗಂಟು. ಇನ್ನೊಂದು ಪಾನ್ ಜೀತಿಂಗ್ ಅವರದು. ಊರದೇವರ ಗುಡಿಯಲ್ಲಿ ಶಾಲೆ ನಡೆಸುತ್ತಿದ್ದ ಮೇಷ್ಟ್ರು ಅವರು. ಮೊದಲು ಒಂದು ಕೆಮ್ಮು, ಆಮೇಲೆ "ಅದಿರಲಿ...", ಆಮೇಲೆ ಮೂಗಿನಿಂದ ಹೊರಡುವ ಸಣ್ಣ ಸೂಜಿಯಂಥ ಮಾತು. ನಾನು ಅವರನ್ನು ಚಿಕ್ಕಪ್ಪ ಎನ್ನುತ್ತಿದ್ದೆ. ಹಳೆಯ ರಾಜ್ಯದಲ್ಲಿ ಅಧಿಕಾರಿಯಾಗಲು ಬರೆಯಬೇಕಿದ್ದ ಪರೀಕ್ಷೆಗೆ ಅವರೂ ದೊಡ್ಡಪ್ಪನೂ ಒಂದೇ ದೋಣಿಯಲ್ಲಿ ಹೋಗಿ, ಒಂದೇ ದೋಣಿಯಲ್ಲಿ ಫೇಲಾಗಿ ಬಂದವರು. ಬೇರೆ ಬೇರೆಯಾಗಿ ಪಾಸಾಗಲು ಇಬ್ಬರಿಗೂ ಮನಸ್ಸಿರಲಿಲ್ಲ ಎಂದು ಊರು ಆಡಿಕೊಳ್ಳುತ್ತಿತ್ತು.

ಮೂವತ್ತು ವರ್ಷದಿಂದ ಇಬ್ಬರೂ ಬೆಳಗಿನ ಚಹಾ ಕುಡಿಯುತ್ತಿದ್ದುದು ಒಂದೇ ಮೇಜಿನಲ್ಲಿ, ಒಂದೇ ಕುಡಿಕೆಯಿಂದ. ದಿನಾ ಜಗಳ. ಮಾತಿಗಲ್ಲ, ಕಾಸು ಕೊಡುವುದಕ್ಕೆ. "ನಾನು ಕೊಡ್ತೀನಿ", "ಥೂ, ಕೈ ತೆಗಿ, ಇವತ್ತು ನಂದು" ಎಂದು ಎಳೆದಾಡಿ ಎಷ್ಟೋ ಅಂಗಿಯ ತೋಳು ಹರಿದಿದ್ದವು. ಒಮ್ಮೆ ಪಾನ್ ಚಿಕ್ಕಪ್ಪ ಹಿಂದಿನ ಸಂಜೆಯೇ ಬಂದು ಮರುದಿನದ ಕಾಸು ಕೊಟ್ಟುಹೋಗಿದ್ದರು. ದೊಡ್ಡಪ್ಪ ಅದನ್ನು ಶುದ್ಧ ದರೋಡೆ ಎಂದು ಕರೆದು ಮೂರು ದಿನ ಸಿಟ್ಟಾಗಿದ್ದರು.

ಇಂಥವರ ನಡುವೆ ಸುಂಕದಕಟ್ಟೆ ಬಂದು ಕೂತಿತು.

ಕಾಲುವೆ ಊರೊಳಗೆ ಬರುವ ಕಡೆ ಹಳೆಯ ಸರ್ಕಾರದ ಸುಂಕದಕಟ್ಟೆಯಿತ್ತು. ಬಂದ ದೋಣಿಯನ್ನೆಲ್ಲ ನಿಲ್ಲಿಸಿ, ಸರಕಿನೊಳಗೆ ಏನಾದರೂ ಬಚ್ಚಿಟ್ಟಿದ್ದಾರೆಯೇ ಎಂದು ನೋಡಲು ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚುತ್ತಿದ್ದರು. ಅಕ್ಕಿ ಮೂಟೆಗೆ ಚುಚ್ಚಿದರೆ ಅಕ್ಕಿ ಸಾಯುವುದಿಲ್ಲ. ರೇಷ್ಮೆಗೂಡಿನ ಬುಟ್ಟಿಗೆ ಚುಚ್ಚಿದರೆ ಒಳಗಿನ ಹುಳ ಒಡೆದು, ಸುತ್ತಲಿನ ಗೂಡಿಗೆಲ್ಲ ಕಲೆ ಹತ್ತಿ, ಹೆಂಗಸರ ಒಂದು ತಿಂಗಳ ನಿದ್ದೆಗೆಟ್ಟ ದುಡಿಮೆ ಅಲ್ಲೇ ನಾರುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಕ್ರಾಂತಿಯ ಸುದ್ದಿ ಬಂದ ದಿನ ಸುಂಕದವರು ಓಡಿಹೋದರು. ಕಟ್ಟೆಯನ್ನು ಊರಿನ ಸಭೆಯೇ ಇಟ್ಟುಕೊಳ್ಳಬೇಕೋ, ಕಿತ್ತುಹಾಕಬೇಕೋ? ಇದು ನಮ್ಮ ಗಣರಾಜ್ಯದ ಮೊದಲ ಪ್ರಶ್ನೆ.

"ಕಿತ್ತುಹಾಕಿ" ಎಂದು ದೊಡ್ಡಪ್ಪ ಠರಾವು ತಂದರು. "ಚಕ್ರವರ್ತಿ ಹೋಗಿ ಸಲಾಕೆ ಉಳಿದ್ರೆ ಅದೇನ್ ಗಣರಾಜ್ಯ? ಹಿಡಿ ಬದಲಾಯ್ತು ಅಷ್ಟೆ. ಅಲ್ವೇನಯ್ಯಾ?"

ಕೆಮ್ಮು. "ಅದಿರಲಿ. ಸಲಾಕೆ ಬೇಡ, ಒಪ್ತೀನಿ. ಕಣ್ಣಲ್ಲಿ ನೋಡಿ ಸುಂಕ ತಗೊಳ್ಳಿ. ನನ್ನ ಶಾಲೆ ನಡೆದು ಬಂದಿರೋದು ಆ ಸುಂಕದ ಒಂದು ಪಾಲಿಂದ. ಕಟ್ಟೆ ಕಿತ್ತರೆ ಸೀಮೆಸುಣ್ಣ ಯಾರ್ ಕೊಡಿಸ್ತಾರೆ? ಗಾಳೀಲಿ ಬರೆದು ಗಾಳೀಲಿ ಅಳಿಸ್ಲಾ?"

"ಶಾಲೆಗೆ ಬೇರೆ ದಾರಿ ಹುಡುಕೋಣ."

"ಮೊದ್ಲು ದಾರಿ, ಆಮೇಲೆ ಕಟ್ಟೆ. ಬಟ್ಟೆ ಬಿಚ್ಚಿ ಎಸೆದು ಆಮೇಲೆ ದರ್ಜೀನ ಹುಡುಕೋಕೆ ಹೋಗ್ತಾರೇನು?"

ಸಭೆಯ ಅಧ್ಯಕ್ಷರು ಫೇ ಶೌಕಾಂಗ್, ಗೂಡಿನಿಂದ ನೂಲು ತೆಗೆಯುವ ರೇಷ್ಮೆ ಬಿಚ್ಚಾಣಿಕೆ ಕಾರ್ಖಾನೆಯ ಸಾಹುಕಾರರು. ಸುಂಕ ಹೋದರೆ ಗೂಡು ಅಗ್ಗವಾಗುವುದರಿಂದ ಅವರು ದೊಡ್ಡಪ್ಪನ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು. ವಾದ ಹಲವು ದಿನ ನಡೆಯಿತು. ಕೆಳಗೆ ನಾನು ಇಬ್ಬರ ದನಿಯಲ್ಲೂ ಆಡಿದಾಗ ಗೂಡು ಮಾರುವ ಹೆಂಗಸರೇ ಗೊಂದಲಕ್ಕೆ ಬಿದ್ದರು. "ಇಬ್ಬರೂ ಸರಿಯಾಗೇ ಹೇಳ್ತಾರಲ್ಲಪ್ಪ. ನೀನು ಒಬ್ಬರದ್ದನ್ನಾದ್ರೂ ಸ್ವಲ್ಪ ಕೆಟ್ಟದಾಗಿ ಮಾಡಬಾರದಾ?"

ಮತಕ್ಕೆ ಹಾಕುವ ದಿನ ಒಂದು ತೊಡಕು ಬಂತು. ನಮ್ಮಲ್ಲಿ ಇಬ್ಬರಿಗೆ ವ್ಯಾಜ್ಯ ಬಂದರೆ ಕೋರ್ಟಿಗಿಂತ ಮೊದಲು ಚಹಾದಂಗಡಿಗೆ ಹೋಗುತ್ತಾರೆ. ಎರಡೂ ಕಡೆಯವರು ತಮ್ಮ ಜನರನ್ನು ಕರೆತರುತ್ತಾರೆ, ಎಲ್ಲರಿಗೂ ಚಹಾ ಬರುತ್ತದೆ, ಹಿರಿಯರು ಕೇಳಿ ಯಾರದು ತಪ್ಪು ಎಂದು ಹೇಳುತ್ತಾರೆ, ತಪ್ಪಿತಸ್ಥ ಅಷ್ಟೂ ಮೇಜಿನ ಚಹಾದ ಕಾಸು ಕೊಡುತ್ತಾನೆ. ಕೊಟ್ಟರೆ ತಪ್ಪೊಪ್ಪಿಕೊಂಡ ಹಾಗೆ, ಅಲ್ಲಿಗೆ ಮುಗಿಯಿತು. ಇದು ನ್ಯಾಯದ ಚಹಾ. ಪ್ರಾಂತದ ರಾಜಧಾನಿಯಿಂದ ಬಂದಿದ್ದ ನಿಯಮಾವಳಿಯಲ್ಲಿ ಕೈ ಎತ್ತಿ ಮತ ಹಾಕುವುದು ಹೇಗೆಂದು ಬರೆದಿತ್ತು. ಸಭೆಯ ಚಹಾಕ್ಕೆ ಕಾಸು ಯಾರು ಕೊಡಬೇಕೆಂದು ಬರೆದಿರಲಿಲ್ಲ.

"ಅದಕ್ಕೇನು ಯೋಚ್ನೆ?" ಎಂದರು ಫೇ ಸಾಹುಕಾರರು. "ಇದೂ ಚಹಾದಂಗಡಿ, ಇಲ್ಲಿರೋದೂ ವ್ಯಾಜ್ಯ. ಸೋತೋರು ಕೊಡ್ಲಿ. ಹಳೇ ಪದ್ಧತಿ."

ಎಲ್ಲರೂ ಹೂಂಗುಟ್ಟಿದರು. ನಾನೂ ಹೂಂಗುಟ್ಟುತ್ತ ಬರೆದುಕೊಂಡೆ. ಹೊಸ ಮಡಕೆಗೆ ಹಳೆಯ ಮುಚ್ಚಳ ಎಷ್ಟು ಸರಿಯಾಗಿ ಕೂತಿತು ಎಂದು ಖುಷಿಯೇ ಆಯಿತು. ಆಮೇಲೆ ಕರ ಬೇಡವೆಂದವರು ಕರ ಎತ್ತಿದರು. ದೊಡ್ಡಪ್ಪನ ಕಡೆಗೆ ಒಂದೇ ಒಂದು ಕೈ ಹೆಚ್ಚು. ಠರಾವು ಪಾಸಾಯಿತು. ಕೆಳಗಿನವರ ಕೇಕೆ ಮಹಡಿಯ ಹಲಗೆಯನ್ನೇ ಎತ್ತಿತು.

ಕೇಕೆ ಇಳಿದ ಮೇಲೆ ಎಲ್ಲರೂ ಪಾನ್ ಚಿಕ್ಕಪ್ಪನ ಕಡೆ ತಿರುಗಿದರು.

ಅವರು ಕೆಮ್ಮಲಿಲ್ಲ. "ನಾನು ಕೊಡಲ್ಲ" ಎಂದರು.

"ಮೇಷ್ಟ್ರೇ, ಸೋತಿದ್ದೀರಿ" ಎಂದರು ಫೇ.

"ಲೆಕ್ಕದಲ್ಲಿ ಸೋತಿದ್ದೀನಿ. ನ್ಯಾಯದ ಚಹಾದಲ್ಲಿ ಕಾಸು ಕೊಡೋದು ತಪ್ಪು ಮಾಡ್ದೋನು. ನನ್ನ ಮಾತು ತಪ್ಪು ಅಂತ ಇಲ್ಲಿ ಯಾವ ಹಿರಿಯ ಹೇಳ್ದ? ನನ್ನ ಕಡೆ ಒಂದು ಕೈ ಕಡಿಮೆ ಬಂತು, ಅಷ್ಟೆ. ಶಾಲೆಗೆ ಕಾಸು ಬೇಕು ಅನ್ನೋದು ಬೆಳಿಗ್ಗೆ ನಿಜ ಇತ್ತು. ಮಧ್ಯಾಹ್ನಕ್ಕೆ ಸುಳ್ಳಾಗೋಯ್ತಾ?"

ಕೈ ಎಣಿಸಿ ರಾಜ್ಯವಾಳುವುದು ನಮಗೆಲ್ಲರಿಗೂ ಹೊಸದು. ಕಡಿಮೆ ಬಿದ್ದವನು ತಪ್ಪಿತಸ್ಥನಲ್ಲ ಎಂದರೆ ಮತ್ತೇನು? ನಮ್ಮ ಭಾಷೆಯಲ್ಲಿ ಅಂಥವನಿಗೆ ಕೂರಲು ಒಂದು ಮಣೆ ಕೂಡ ಇರಲಿಲ್ಲ.

ಆಗ ದೊಡ್ಡಪ್ಪ ಮಾಡಬಾರದ್ದೇನೂ ಮಾಡಲಿಲ್ಲ, ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದರು. "ಏ, ಬಿಡ್ರಯ್ಯಾ, ನಾನು ಕೊಡ್ತೀನಿ" ಎಂದು ಸೊಂಟದ ಚೀಲಕ್ಕೆ ಕೈ ಹಾಕಿದರು.

ಫೇ ಸಾಹುಕಾರರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಗು ಅವರೇ! ನೀವು ಕೊಟ್ರೆ ನೀವೇ ತಪ್ಪು ಅಂತ ಒಪ್ಪಿದ ಹಾಗೆ. ಠರಾವು ಬಿದ್ದುಹೋಗುತ್ತೆ. ಕಟ್ಟೆ ಉಳಿಯುತ್ತೆ. ಕೆಳಗಿರೋ ಹೆಂಗಸರಿಗೆ ಏನ್ ಹೇಳ್ತೀರಿ?"

ದೊಡ್ಡಪ್ಪ ಮೆಟ್ಟಿಲ ಕಡೆ ನೋಡಿದರು. ಆಮೇಲೆ ಪಾನ್ ಚಿಕ್ಕಪ್ಪನ ಕಡೆ. ಆಮೇಲೆ ಕೈಯನ್ನು ಚೀಲದಿಂದ ಬರಿದಾಗಿಯೇ ಹೊರತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

ಆ ಕೈ ಹಿಂದೆ ಹೋದದ್ದನ್ನು ಪಾನ್ ಚಿಕ್ಕಪ್ಪ ಪೂರ್ತಿ ನೋಡಿದರು. ಎದ್ದು ನಿಂತು, ತಾವು ಕುಡಿದ ಒಂದೇ ಬಟ್ಟಲಿನ ಕಾಸನ್ನು ಮೇಜಿನ ಮೇಲಿಟ್ಟರು. "ನನ್ನದು ಇಷ್ಟು. ನಿಮ್ಮದು ನೀವು ನೋಡ್ಕೊಳ್ಳಿ, ಗು ಅವರೇ" ಎಂದು ಇಳಿದುಹೋದರು.

ಹೂಷಿಯಲ್ಲಿ ಅಪ್ಪ ಮಗ ಆಸ್ತಿಗಾಗಿ ಹೊಡೆದಾಡಿದ್ದುಂಟು. ಗೆಳೆಯರಿಬ್ಬರು ಬೇರೆ ಬೇರೆಯಾಗಿ ಚಹಾದ ಕಾಸು ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ರುವಾನ್ ಅತ್ತೆ ಆ ಕಾಸನ್ನು ಪೆಟ್ಟಿಗೆಗೆ ಹಾಕಲು ಒಪ್ಪದೆ ಬಹಳ ಹೊತ್ತು ಮೇಜಿನ ಮೇಲೇ ಬಿಟ್ಟಿದ್ದಳು.

ಕಟ್ಟೆ ಹೋಯಿತು. ಆ ಬೇಸಿಗೆ ರೇಷ್ಮೆಗೂಡಿನ ದೋಣಿಗಳು ನಿಲ್ಲದೆ ಒಳಗೆ ಬಂದವು. ಬುಟ್ಟಿಯ ಗೂಡುಗಳು ಬೆಳ್ಳಗೆ, ಕಲೆಯಿಲ್ಲದೆ, ಹೊಸ ಅಕ್ಕಿಯ ಉಂಡೆಯಂತೆ ಇದ್ದವು. ಹೆಂಗಸರು ದೊಡ್ಡಪ್ಪನ ಮನೆ ಮುಂದೆ ದೋಣಿ ನಿಧಾನ ಮಾಡಿ ಕೂಗಿ ಹರಸುತ್ತಿದ್ದರು. ದೊಡ್ಡಪ್ಪ ಕಿಟಕಿಯಿಂದ ಕೈ ಆಡಿಸಿ, ತಿರುಗಿ, ಯಾರಿಗೋ ಏನೋ ಹೇಳಲು ಬಾಯಿ ತೆರೆದು, ಅಲ್ಲಿ ನಾನು ನಿಂತದ್ದನ್ನು ಕಂಡು ಮುಚ್ಚುತ್ತಿದ್ದರು. ಪಾನ್ ಚಿಕ್ಕಪ್ಪ ಸೇತುವೆಯಾಚೆಯ ಚಹಾದಂಗಡಿಗೆ ಹೋಗತೊಡಗಿದ್ದರು. ಆ ಅಂಗಡಿಯ ಚಹಾ ಪಾತ್ರೆ ತೊಳೆದ ನೀರಿನಂತಿರುತ್ತದೆ ಎಂದು ಅವರೇ ಮೂವತ್ತು ವರ್ಷ ಬೈದಿದ್ದರು.

ಒಂದು ಬೆಳಿಗ್ಗೆ ದೊಡ್ಡಪ್ಪ ಕಲ್ಲಂಗಡಿ ಬೀಜ ಸುಲಿಯುತ್ತ, ನನ್ನತ್ತ ನೋಡದೆ, "ಆ ಮನುಷ್ಯ ಏನಂತಾನೋ ಈಚೆಗೆ?" ಎಂದರು.

"ಯಾವ ಮನುಷ್ಯ ದೊಡ್ಡಪ್ಪ?"

"ಕತ್ತೆ. ನಿನಗೆ ಗೊತ್ತಿಲ್ವಾ ಯಾವ ಮನುಷ್ಯ ಅಂತ."

ನಾನು ಗಂಟಲು ಸರಿಮಾಡಿಕೊಂಡು ಕೆಮ್ಮಿದೆ. "ಅದಿರಲಿ. ದೋಣಿ ಬಂದ್ವು, ಸರಿ. ಗೂಡು ಬೆಳ್ಳಗಿದೆ, ಸರಿ. ಸುಂಕ ಉಳಿದ ಕಾಸು ಹೆಂಗಸರ ಮಡಿಲಿಗೆ ಬಂತೋ, ಫೇ ಸಾಹುಕಾರನ ಪೆಟ್ಟಿಗೆಗೆ ಹೋಯ್ತೋ, ಅದನ್ನ ಬೋಷ್ವಾನ್ ಕೇಳಿದ್ನಾ?" ಎಂದೆ. ನಿನ್ನೆ ಸೇತುವೆಯಾಚೆ ಕೇಳಿಸಿಕೊಂಡ ಮಾತು ಅದು.

ದೊಡ್ಡಪ್ಪನ ಮುಖ ಸುಲಿದ ಕಿತ್ತಳೆಯಂತೆ ಅರಳಿತು. "ಲೋ ಜೀತಿಂಗ್!" ಎಂದು ಮೇಜು ಗುದ್ದಿದರು. ನನ್ನನ್ನು ನೋಡಿಕೊಂಡೇ. "ಎಲ್ಲಾ ಒಂದೇ ದಿನ ಆಗುತ್ತೇನೋ? ಮೊದ್ಲು ಮುಳ್ಳು ಕೀಳಬೇಕು, ಆಮೇಲೆ ಗಾಯಕ್ಕೆ ಎಣ್ಣೆ. ಅಲ್ವೇನಯ್ಯಾ?"

ನಾನು ಆ ಉತ್ತರ ಹೊತ್ತು ಸೇತುವೆ ದಾಟಿದೆ. ಪಾನ್ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. "ಗುದ್ದಿದ್ದು ಎಡಗೈಯಲ್ಲಾ, ಬಲಗೈಯಲ್ಲಾ?" ಎಂದರು. ಎಡಗೈ ಎಂದೆ. "ಹಾಗಾದ್ರೆ ಅವನಿಗೇ ಪೂರ್ತಿ ನಂಬಿಕೆ ಇಲ್ಲ" ಎಂದು ತೃಪ್ತಿಯಿಂದ ಆ ಪಾತ್ರೆ ತೊಳೆದ ನೀರನ್ನು ಕುಡಿದರು.

ಹೀಗೆ ಆ ಶರದೃತುವಿಡೀ ಗಣರಾಜ್ಯದ ಅರ್ಥಶಾಸ್ತ್ರವೆಲ್ಲ ನನ್ನ ಗಂಟಲಿನ ಮೂಲಕ ಸೇತುವೆ ದಾಟಿತು. ಒಮ್ಮೆ ತಡೆಯಲಾರದೆ ನಾನೇ ಒಂದು ವಾಕ್ಯ ಸೇರಿಸಿದೆ. ಮೂಗಿನಲ್ಲಿ ಚಿಕ್ಕಪ್ಪನ ದನಿ ತಂದು, "ಅದಿರಲಿ ಬೋಷ್ವಾನ್, ಅವತ್ತು ನಾನು ಹಾಗೆ ಎದ್ದು ಬರಬಾರದಿತ್ತು" ಎಂದೆ.

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಖೋಟಾ! ಶುದ್ಧ ಖೋಟಾ! ಅವನ ಕೆಮ್ಮಿಗೂ ಕ್ಷಮೆ ಕೇಳಿ ಅಭ್ಯಾಸ ಇಲ್ಲ. ಸಾನ್, ಚಿಲ್ಲರೆ ಅಣಕ ಮಾಡು, ನೋಟು ಅಚ್ಚು ಹಾಕ್ಬೇಡ." ನಕ್ಕು ನಕ್ಕು ಕಣ್ಣಲ್ಲಿ ಬಂದ ನೀರನ್ನು ಒರೆಸಿಕೊಂಡವರು, ನಗು ನಿಂತ ಮೇಲೂ ಒರೆಸಿಕೊಳ್ಳುತ್ತಲೇ ಇದ್ದರು.

ಚಳಿಗಾಲಕ್ಕೆ ಗುಡಿಯ ಶಾಲೆಗೆ ಬೀಗ ಬಿತ್ತು. ಚಿಕ್ಕಪ್ಪ ತಮ್ಮ ಮನೆಯ ಜಗಲಿಯಲ್ಲೇ ಕೆಲವು ಮಕ್ಕಳನ್ನು ಕೂರಿಸಿಕೊಂಡು, ಕಲ್ಲುಚಪ್ಪಡಿಯ ಮೇಲೆ ಒದ್ದೆ ಕುಂಚದಿಂದ ನೀರಿನಲ್ಲೇ ಬರೆಸುತ್ತಿದ್ದರು. ಬಿಸಿಲು ಬಂದರೆ ಪಾಠ ಒಣಗಿಹೋಗುತ್ತಿತ್ತು. ದೊಡ್ಡಪ್ಪ ಒಂದು ದಿನ ಆ ಬೀದಿಯಲ್ಲಿ ಹೋಗಿಬಂದವರು ಊಟ ಮಾಡಲಿಲ್ಲ. ಮುಂದಿನ ಸಭೆಗೆ ಹೊಸ ಠರಾವು ತಂದರು: ಹಿಪ್ಪುನೇರಳೆ ತೋಟದವರೂ ಬಿಚ್ಚಾಣಿಕೆ ಕಾರ್ಖಾನೆಯವರೂ ಶಾಲೆಗಾಗಿ ತೆರಿಗೆ ಕೊಡಬೇಕು. ದೊಡ್ಡಪ್ಪನೂ ತೋಟದವರೇ.

ಫೇ ಸಾಹುಕಾರರ ಮುಖ ಬೇಯದ ಕಡುಬಿನಂತೆ ಬಿಳಿಚಿತು. "ಅನುಮೋದಿಸೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ಅನುಮೋದಕರಿಲ್ಲದಿದ್ದರೆ ಠರಾವು ಚರ್ಚೆಗೇ ಬರದೆ ಬಿದ್ದುಹೋಗುತ್ತದೆ. ಬೇಸಿಗೆಯಲ್ಲಿ ದೊಡ್ಡಪ್ಪನಿಗಾಗಿ ಎದ್ದಿದ್ದ ಕೈಗಳೆಲ್ಲ ಈಗ ತೋಳಿನೊಳಗೆ ಬೆಚ್ಚಗೆ ಕೂತಿದ್ದವು. ದೊಡ್ಡಪ್ಪ ನಿಂತೇ ಇದ್ದರು. ಒಬ್ಬ ಮನುಷ್ಯ ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಿಂತದ್ದನ್ನು ನಾನು ನೋಡಿರಲಿಲ್ಲ. ನನ್ನ ಕೈಯಲ್ಲಿ ಕುಂಚ ಒಣಗಿತು.

ಹಿಂದಿನ ಬೆಂಚಿನಿಂದ ಒಂದು ಕೆಮ್ಮು ಕೇಳಿಸಿತು. ನಾನು ಕೆಮ್ಮಿರಲಿಲ್ಲ.

"ಅದಿರಲಿ" ಎಂದರು ಪಾನ್ ಚಿಕ್ಕಪ್ಪ. "ನಾನು ಅನುಮೋದಿಸ್ತೀನಿ."

"ಒಪ್ತೀರಾ ಹಾಗಾದ್ರೆ?" ಎಂದರು ಫೇ.

"ಯಾರಂದ್ರು ಒಪ್ತೀನಿ ಅಂತ? ಇವರು ಹಾಕಿರೋ ದರ ನೋಡಿದ್ರಾ? ಇದರಲ್ಲಿ ಅರ್ಧ ಶಾಲೆ ನಡೆಸ್ಬೇಕು, ಇನ್ನರ್ಧ ಮಕ್ಕಳನ್ನ ಮನೇಲೇ ಇರಿ ಅನ್ಬೇಕು. ಬೈಯೋದಕ್ಕಾದ್ರೂ ಠರಾವು ಜೀವಂತ ಇರ್ಬೇಕಲ್ಲ! ಅದಕ್ಕೇ ಅನುಮೋದಿಸಿದ್ದು."

"ದರ ಜಾಸ್ತಿ ಮಾಡಿದ್ರೆ ಇವರು ಯಾರೂ ಕೈ ಎತ್ತಲ್ಲ ಕಣೋ!" ಎಂದು ದೊಡ್ಡಪ್ಪ ಸಭೆಯ ಮರ್ಯಾದೆ ಮರೆತು ಕೂಗಿದರು.

"ಕಡಿಮೆ ಮಾಡಿದ್ದಕ್ಕೆ ಎಷ್ಟು ಕೈ ಎದ್ವು? ಎಣಿಸು ನೋಡೋಣ."

ಮಧ್ಯಾಹ್ನವೆಲ್ಲ ಅವರಿಬ್ಬರೇ. ಎಂಟು ತಿಂಗಳ ಬಾಕಿ ಮಾತು. ಫೇ ಸಾಹುಕಾರರು ಎರಡು ಸಲ ಗಂಟೆ ಬಾರಿಸಿದರು, ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಮತಕ್ಕೆ ಹಾಕಿದಾಗ ಠರಾವಿನ ಪರವಾಗಿ ಎದ್ದದ್ದು ಅವರ ಎರಡು ಕೈ ಮಾತ್ರ. ಬಿದ್ದುಹೋಯಿತು.

"ಸೋತೋರ ಚಹಾ" ಎಂದು ಫೇ ನೆನಪಿಸಿದರು.

ದೊಡ್ಡಪ್ಪ ಸೊಂಟದ ಚೀಲ ಮುಟ್ಟಿದರು. ಬೆರಳು ಅಲ್ಲೇ ನಿಂತಿತು. ಹಿಂದಿನ ಬೆಂಚಿನತ್ತ ತಿರುಗಿ ಮೆಲ್ಲಗೆ ಕೇಳಿದರು: "ಜೀತಿಂಗ್, ಅವತ್ತು ನಿನಗೆ ಹೀಗೇ ಆಗಿತ್ತಾ?"

"ಇದಕ್ಕಿಂತ ಜಾಸ್ತಿ" ಎಂದರು ಚಿಕ್ಕಪ್ಪ. "ಕೈ ಎಷ್ಟು ಎದ್ದಿದ್ರೂ ಅವತ್ತು ನಾನು ಒಬ್ಬನೇ ಇದ್ದೆ."

ದೊಡ್ಡಪ್ಪ ತಲೆ ತಗ್ಗಿಸಿದರು. ಆಮೇಲೆ ಚೀಲದಿಂದ ಕೈ ತೆಗೆದು ಎದ್ದರು. "ಫೇ ಅವರೇ, ನಾವು ಸೋತಿದ್ದೀವಿ. ತಪ್ಪು ಮಾಡಿಲ್ಲ. ಮುಂದಿನ ಸಭೆಗೆ ಇದನ್ನೇ ಮತ್ತೆ ತರ್ತೀವಿ. ಬೇಸಿಗೆಯಲ್ಲಿ ಪಾನ್ ಮೇಷ್ಟ್ರೂ ಸೋತಿದ್ರು, ತಪ್ಪು ಮಾಡಿರಲಿಲ್ಲ. ಇದನ್ನ ಅವತ್ತೇ ನಾನು ಎದ್ದು ಹೇಳ್ಬೇಕಿತ್ತು. ಸಾನ್, ಅದನ್ನೂ ಬರ್ಕೋ."

"ಮತ್ತೆ ಚಹಾದ ಕಾಸು?"

ಕೆಟಲ್ ಹಿಡಿದು ಮೆಟ್ಟಿಲ ತುದಿಯಲ್ಲಿ ನಿಂತಿದ್ದ ರುವಾನ್ ಅತ್ತೆ ಬಾಯಿ ಹಾಕಿದಳು. "ನ್ಯಾಯದ ಚಹಾ ಕೆಳಗೆ ಕೊಡ್ತೀನಿ. ಮೇಲೆ ಇನ್ಮೇಲೆ ಬರೀ ಚಹಾ. ಕಾಸು ಸಭೆಯೋರೆಲ್ಲ ಸೇರಿ ಕೊಡಿ, ಗೆದ್ದ ಸಾಹುಕಾರ್ರೂ ಸೇರಿ. ಎಲ್ರೂ ಕುಡಿದಿದ್ದೀರಲ್ಲ!"

ನಾನು ಕೆಳಗಿಳಿದೆ. "ಏ ಸಾನ್, ಮಾಡು ಮಾಡು, ಇಬ್ಬರದ್ದೂ ಮಾಡು" ಎಂದು ಎಲ್ಲರೂ ಮುತ್ತಿಕೊಂಡರು.

"ನಾನ್ಯಾಕೆ ಮಾಡ್ಲಿ? ಅಸಲಿ ಸರಕೇ ಮೇಲಿದೆ. ಹೋಗಿ ಕೇಳಿ."

"ನಮ್ಮನ್ನ ಬಿಡ್ತಾರಾ?" ಎಂದಳು ಗೂಡು ಮಾರುವ ಹೆಂಗಸೊಬ್ಬಳು.

"ಬಾಗಿಲಿಲ್ಲ, ಬರೀ ಮೆಟ್ಟಿಲು."

ಅವಳು ಮೊದಲು ಹತ್ತಿದಳು, ಬಟ್ಟೆಯಲ್ಲಿ ಹೊಲಿದ ಒದ್ದೆ ಬೂಟನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು. ಅವಳ ಹಿಂದೆ ಉಳಿದವರು. ಸಭೆ ಎದ್ದುಹೋಗಿತ್ತು. ಇಬ್ಬರು ಮುದುಕರು ಮಾತ್ರ ಒಂದೇ ಕುಡಿಕೆಯ ಎದುರು ಕೂತು, ದರದ ಮೇಲೆ ಹಲ್ಲು ಕಡಿಯುತ್ತಿದ್ದರು. ಜನ ಗೋಡೆಗೆ ಒರಗಿ ನಿಂತರು. ಸ್ವಲ್ಪ ಹೊತ್ತು ಕೇಳಿದ ಮೇಲೆ ಆ ಹೆಂಗಸು ಕೆಮ್ಮಿದಳು, ಥೇಟ್ ಚಿಕ್ಕಪ್ಪನ ಹಾಗೇ.

"ಅದಿರಲಿ ಸ್ವಾಮಿ, ಶಾಲೆ ಬಾಗಿಲು ಯಾವಾಗ ತೆಗೀತೀರಿ? ನನ್ನ ಮಗಳು ನೀರಲ್ಲಿ ಬರ್ದು ಬರ್ದು ಬೆರಳು ಮರಗಟ್ಟಿಸ್ಕೊಂಡು ಬರ್ತಾಳೆ."

"ನಾಳೇನೇ" ಎಂದರು ದೊಡ್ಡಪ್ಪ.

"ಕಾಸು ಬಂದ ಮೇಲೆ" ಎಂದರು ಪಾನ್ ಚಿಕ್ಕಪ್ಪ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಅವಳನ್ನು ಮರೆತು, ಮತ್ತೆ ಮೊದಲಿನಿಂದ ಶುರುಮಾಡಿದರು.